ಜಪಾನಿಗೆ ಹೋಗಿ ಬಂದ ಆನೆ

ಈ ಸ್ಮರಣ ಸಂಚಿಕೆಗೆ ಶಾಲೆಯ ವರದಿಯನ್ನಲ್ಲದೆ ಬೇರೇನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿರುವರು. ಪರೀಕ್ಷೆಯ ಫಲಿತಾಂಶ, ಕ್ರೀಡೆಗಳ ಬಹುಮಾನ ಇವೆಲ್ಲವೂ ವರದಿಯಲ್ಲಿ ಬಂದೇ ಇವೆ. ಆದುದರಿಂದ ನಮ್ಮ ಪ್ರಾಥಮಿಕ ವಿಭಾಗದ ನಾಲ್ಕನೆಯ ತರಗತಿಯ ಬಾಲಿಕೆಯರು ಜಪಾನ್ ದೇಶದ ಮಕ್ಕಳೊಡನೆ ನಡೆಸಿದ ಸ್ನೇಹವನ್ನೂ, ಅದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಕುರಿತು ನಾಲ್ಕು ಮಾತು ಬರೆಯುತ್ತೇವೆ. ಹಳೆಯ ವಿದ್ಯಾರ್ಥಿನಿಯರು ಇದನ್ನೋದಿ ನಗುವರೆಂದು ಬಲ್ಲೆವು. ನಮ್ಮ ಕೆಂಪು ಮಸಿಯ ರುಚಿಯನ್ನು ಅವರು ಕಾಣದವರಲ್ಲ.

ದೂರದ ಶಾಲೆಗಳು ತಮ್ಮೊಳಗೆ ಪತ್ರವ್ಯವಹಾರ ನಡೆಸುವುದು ಹೊಸದೇನೂ ಅಲ್ಲ. ಫ್ರಾನ್ಸ್ ದೇಶದ ಬೆಟ್ಟದ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದ ಸೆಲೆಸ್ಟಾಂ ಫ್ರೆನೆ ಎಂಬವರು 1926ರ ಸುಮಾರಿಗೆ, ತಮ್ಮ ಮಕ್ಕಳು ತಾವೇ ಬರೆದು ತಾವೇ ಅಚ್ಚುಹಾಕಿದ ಬರಹಗಳನ್ನು ಬ್ರಿಟನಿ ಪ್ರಾಂತದ ಶಾಲೆಯೊಂದಕ್ಕೆ ಕಳುಹಿಸಿ, ಅಲ್ಲಿಂದ ಅಂಥವೇ ಬರಹಗಳನ್ನು ತರಿಸಿಕೊಳ್ಳುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಬಹಳ ಹೊತ್ತು ಮಾತನಾಡಲಾರದೆ ಹೋದ ಆ ಮನುಷ್ಯರು ಮಕ್ಕಳನ್ನೇ ಮಾತನಾಡಗೊಟ್ಟರು. ಟ್ರೇನಿಂಗ್ ಕಾಲದಲ್ಲಿ ನಾವು ಇವರ ಹೆಸರನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಮರೆತೂ ಇದ್ದೆವು. ಈಗ ಅಚ್ಚಿನ ಮೊಳೆಗಳ ಕೆಲಸವನ್ನು ಇಂಟರ್‌ನೆಟ್ಟು ಮಾಡುತ್ತಿದೆ. 1988ರಲ್ಲಿ ನ್ಯೂಯಾರ್ಕಿನ ಶಾಲೆಗಳಿಗೂ ಮಾಸ್ಕೋವಿನ ಶಾಲೆಗಳಿಗೂ ಸಂಪರ್ಕ ಕಲ್ಪಿಸಿದ ಪ್ರಯತ್ನದಿಂದ ಬೆಳೆದು ಬಂದ ಐಅರ್ನ್ ಎಂಬ ಸಂಸ್ಥೆಯಲ್ಲಿ ಸಣ್ಣ ಮಕ್ಕಳಿಗೆಂದೇ ಕರಡಿಗೊಂಬೆಯ ಯೋಜನೆಯೊಂದುಂಟು. ಎರಡು ದೇಶಗಳ ಎರಡು ತರಗತಿಗಳು ಒಂದೊಂದು ಗೊಂಬೆಯನ್ನು ಅಂಚೆಯಲ್ಲಿ ಬದಲಾಯಿಸಿಕೊಳ್ಳುತ್ತವೆ. ಬಂದ ಗೊಂಬೆಯನ್ನು ಮಕ್ಕಳು ಅತಿಥಿಯಂತೆ ಉಪಚರಿಸಿ, ಅದು ತನ್ನ ಮನೆಗೆ ಬರೆಯುವ ದಿನಚರಿಯೆಂಬಂತೆ ಇಂಗ್ಲಿಷಿನಲ್ಲಿ ಬರೆದು ಕಂಪ್ಯೂಟರಿನ ಮೂಲಕ ಕಳುಹಿಸುತ್ತಾರೆ. ಯೋಜನೆ ಇಷ್ಟೇ. ನಾವೂ ಅದನ್ನೇ ಅನುಸರಿಸಿದೆವು.

ಜೊತೆಗೆ ಜಪಾನಿನ ಶಾಲೆ ಸಿಕ್ಕಿದಾಗ ನಮಗೆ ಒಳಗೊಳಗೆ ಅಸಮಾಧಾನವೇ ಆಯಿತೆಂದು ಒಪ್ಪಿಕೊಳ್ಳುತ್ತೇವೆ. ಇಂಗ್ಲೆಂಡಿನ ಶಾಲೆ ಸಿಕ್ಕಿದ್ದರೆ ಮಕ್ಕಳ ಉಚ್ಚಾರವಾದರೂ ಸುಧಾರಿಸುತ್ತಿತ್ತಲ್ಲ ಎಂದುಕೊಂಡೆವು. ಆ ದೇಶದಲ್ಲಿ 2020ರಿಂದಲ್ಲವೆ ಮೂರು ನಾಲ್ಕನೆಯ ತರಗತಿಗಳವರಿಗೆ ವರ್ಷಕ್ಕೆ 35 ಪಾಠಗಳಷ್ಟು ವಿದೇಶಿ ಭಾಷೆಯನ್ನು ಕಡ್ಡಾಯ ಮಾಡಿದ್ದು? ಕುರುಡರಿಗೆ ಕುರುಡರು ದಾರಿ ತೋರಿಸಿದಂತಾದೀತೆಂದು ಹೆದರಿದೆವು.

ನಮ್ಮ ಬಾಲಿಕೆಯರು ಹೊಲಿಗೆಯ ಪಾಠದಲ್ಲಿ ಬೂದುಬಣ್ಣದ ಬಟ್ಟೆಯಿಂದ ಒಂದು ಆನೆಯನ್ನು ಹೊಲಿದು ಹತ್ತಿ ತುಂಬಿದರು. ಅವರ ಶಾಲಾವರ್ಷ ಏಪ್ರಿಲ್‌ನಲ್ಲಿ ಆರಂಭ. ನಮಗೆ ಆಗ ಬೇಸಗೆಯ ರಜೆ. ನಮ್ಮ ತರಗತಿಗಳು ಸರಿಯಾಗಿ ನಡೆಯತೊಡಗುವ ಹೊತ್ತಿಗೆ ಅವರ ರಜೆ. ಅಂತೂ ಸೆಪ್ಟೆಂಬರಿನಲ್ಲಿ ಆನೆ ಹೊರಟಿತು, ಅಲ್ಲಿಂದ ಕರಡಿ ಬಂತು. ಮಕ್ಕಳ ಪೂರ್ಣ ಹೆಸರನ್ನಾಗಲಿ ಮನೆಯ ವಿಳಾಸವನ್ನಾಗಲಿ ಎಲ್ಲಿಯೂ ಕೊಡಲಿಲ್ಲವೆಂದು ಪೋಷಕರು ನಂಬಬಹುದು.

ಆನೆಯ ಸಂಗಡ ಒಬ್ಬೊಬ್ಬಳೂ ತನ್ನ ಮನೆಯ ವಿಷಯವಾಗಿ ಒಂದು ಕಾಗದ ಬರೆಯಬೇಕಾಗಿತ್ತು. ಶಾಲೆಯ ಮಾನದ ಪ್ರಶ್ನೆಯೆಂದು ಅವನ್ನೆಲ್ಲ ನಾವೇ ತರಿಸಿಕೊಂಡು ತಿದ್ದಲು ಕುಳಿತೆವು. ಒಬ್ಬಳ ಕಾಗದದಲ್ಲಿ ಹೀಗಿತ್ತು: "ಮೈ ಮದರ್ ಟೈ ಫ್ಲವರ್. ಐ ಆಲ್ಸೊ ಟೈ. ಒನ್ ಮೊಳ ಟ್ವೆಂಟಿ ರುಪೀಸ್. ರೈನ್ ಕಮ್, ನೋಬಡಿ ಬೈ." ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅವಳು. ನಾವು ಇದನ್ನೆಲ್ಲ ಹೊಡೆದುಹಾಕಿ, "ಮೈ ಮದರ್ ಸೆಲ್ಸ್ ಫ್ಲವರ್ಸ್. ಫ್ಲವರ್ಸ್ ಆರ್ ವೆರಿ ಬ್ಯೂಟಿಫುಲ್" ಎಂದು ಬರೆದುಕೊಟ್ಟೆವು. ಅವಳು ಅದನ್ನು ಎರಡು ಸಲ ಓದಿ, ಮೆಲ್ಲನೆ, "ಟೀಚರ್, ಮಳೆ ಎಲ್ಲಿ ಹೋಯ್ತು?" ಎಂದಳು.

ನಾವು ಉತ್ತರ ಕೊಡಲಿಲ್ಲ. ಕ್ಲಾಸಿಗೆ ಹೋಗೆಂದೆವು.

ಶುದ್ಧವಾದ ಕಾಗದಗಳು ಹೋದವು. ಬಂದ ಉತ್ತರಗಳು ನಾಲ್ಕೈದು ಸಾಲಿನ ಉಪಚಾರದ ಮಾತುಗಳು. ತಪ್ಪೆನ್ನುವಂತಿಲ್ಲ, ಎಲ್ಲರ ತಾಯಂದಿರೂ ಒಂದೇ ಬಗೆಯಾಗಿ ಒಳ್ಳೆಯವರು, ಎಲ್ಲರ ಮನೆಗಳೂ ಒಂದೇ ಬಗೆಯಾಗಿ ಸುಂದರವೆಂದು ನಾವು ಬರೆಸಿದ್ದರೆ ಆ ಮಕ್ಕಳು ಕೇಳುವುದಾದರೂ ಏನನ್ನು? ಆ ಹುಡುಗಿಯ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಆ ಮಳೆ ಅವಳ ಮನೆಯ ಊಟದ ಮಾತಾಗಿತ್ತು.

ಕರಡಿಯನ್ನು ಶನಿವಾರಕ್ಕೊಬ್ಬಳು ಮನೆಗೆ ಒಯ್ಯುವ ಪದ್ಧತಿ. ಅವಳ ಸರದಿ ಬಂದಾಗ ದಿನಚರಿಯಲ್ಲಿ ಪುನಃ ಮೊಳವೂ ಬಂತು, ಮಳೆಯೂ ಬಂತು. ಈ ಸಲ ಲೇಖನಿಯನ್ನು ಮುಚ್ಚಿಟ್ಟು ಇದ್ದಂತೆಯೇ ಕಳುಹಿಸೆಂದು ತರಗತಿಯ ಉಪಾಧ್ಯಾಯಿನಿಗೆ ಹೇಳಿದೆವು. ಮೂರನೆಯ ದಿನ ಉತ್ತರ: "ವಾಟ್ ಈಸ್ ಮೊಳ? ರೈನ್ ಡೇ, ಫ್ಲವರ್ ವೇರ್ ಗೋ?"

ಅದರ ಮುಂದಿನ ವಾರ ಪರದೆಯ ಮೇಲೆ ಮುಖಾಮುಖಿ ಮಾತುಕತೆ. ನಮ್ಮಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೆ ಅಲ್ಲಿ ಒಂದೂವರೆ. ಅವಳನ್ನು ಮುಂದಕ್ಕೆ ಕರೆದಾಗ ಮಾತು ಬರಲಿಲ್ಲ. ಕೈ ಚಾಚಿ, ಮೊಣಕೈಯಿಂದ ನಡುಬೆರಳಿನ ತುದಿಯ ವರೆಗೆ ತೋರಿಸಿ, "ದಿಸ್ ಮೊಳ" ಎಂದಳು. ಅತ್ತ ಇಡೀ ತರಗತಿಯೇ ಕೈ ಚಾಚಿ ಅಳೆದುಕೊಳ್ಳತೊಡಗಿತು. ಆಗ ಅವಳಿಗೆ ಧೈರ್ಯ ಬಂದು, "ರೈನ್ ಡೇ ಫ್ಲವರ್ ಟೆಂಪಲ್ ಗೋ. ನೋ ಮನಿ" ಎಂದು ಮುಗಿಸಿದಳು. ಅವರಿಗೆ ಅರ್ಥವಾಯಿತು. ನಮಗೂ ಆಯಿತು.

ಅದೇ ದಿನ ಜಪಾನಿನ ಬಾಲಕನೊಬ್ಬನು ತನ್ನ ಪುಸ್ತಕವನ್ನೆತ್ತಿ "ಮೈ ಬುಕ್ಕು" ಎಂದನು. ನಮ್ಮವರು ಚಪ್ಪಾಳೆ ಹೊಡೆದು ಕುಣಿದರು! ಬಸ್ಸಿಗೂ ಅವರು "ಬಸು" ಎನ್ನುವರಂತೆ. ಪದದ ಕೊನೆಯ ವ್ಯಂಜನಕ್ಕೆ ಉಕಾರವನ್ನು ಹಚ್ಚಿಕೊಳ್ಳುವುದು ಕನ್ನಡದ ನಾಲಿಗೆಯ ಹಾಗೆ ಅವರ ನಾಲಿಗೆಯ ಅಭ್ಯಾಸವೂ ಆಗಿದೆ. ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವುದೂ ಹಾಗೆಯೇ. "ಬಸ್ಸು ಅಲ್ಲಮ್ಮಾ, ಬಸ್" ಎಂದು ಇಪ್ಪತ್ತು ವರ್ಷ ಗದರಿಸಿದ ನಮಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಇಂಗ್ಲೆಂಡಿನ ಮಕ್ಕಳೆದುರಿಗೆ ಆ ಹುಡುಗಿ ಕೈ ಚಾಚುತ್ತಿದ್ದಳೆ? ಸಂಶಯ. ಇಲ್ಲಿ ಎರಡು ಕಡೆಯವರೂ ತೊದಲುವವರೇ ಆದುದರಿಂದ ಯಾರಿಗೂ ಯಾರ ಭಯವೂ ಇರಲಿಲ್ಲ.

ವ್ಯಾಕರಣ ತಾನಾಗಿ ಬಂತೆಂದು ಹೇಳಲಾರೆವು. ಬರಲಿಲ್ಲ. ನೋಟ್ ಪುಸ್ತಕದಲ್ಲಿ ತಿದ್ದುವುದು ಇಂದಿಗೂ ನಡೆದಿದೆ. ಕಾಗದದಲ್ಲಿ ಮಾತ್ರ ತಿದ್ದುವುದಿಲ್ಲ. ಇದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ತಂದೆಯೊಬ್ಬರು ನಮ್ಮ ಕೋಣೆಗೆ ಬಂದು, "ನಾವು ಫೀಜು ಕಟ್ಟುವುದು ಸರಿಯಾದ ಇಂಗ್ಲಿಷಿಗಾಗಿ, ಜಪಾನಿನವರ ತಪ್ಪು ಕಲಿಯುವುದಕ್ಕಲ್ಲ, ಮೇಡಂ" ಎಂದರು. ತಾವು ಇಂಗ್ಲಿಷು ಬಾರದೆ ಕಚೇರಿಯಲ್ಲಿ ಪಟ್ಟ ಅವಮಾನವನ್ನೂ ಹೇಳಿದರು. ಅದು ಸುಳ್ಳಲ್ಲ, ಆದುದರಿಂದ ನಾವು ವಾದಿಸಲಿಲ್ಲ. ಜೂನ್ ತಿಂಗಳಲ್ಲಿ ಅವರು ಮಗಳನ್ನು ಬೇರೆ ಶಾಲೆಗೆ ಸೇರಿಸಿದರು. ಆ ಬಾಲಿಕೆ ಒಳ್ಳೆಯ ಚಿತ್ರಗಾರ್ತಿ. ಕರಡಿಯ ದಿನಚರಿಯ ಮೇಲ್ಹೊದಿಕೆಯ ಚಿತ್ರ ಅವಳದೇ.

ಆನೆ ಫೆಬ್ರವರಿಯಲ್ಲಿ ಮರಳಿ ಬಂತು. ದಾರಿಯಲ್ಲೋ ಅಲ್ಲಿಯೋ ಒಂದು ಕಿವಿ ಹರಿದು, ಅಲ್ಲಿನ ಮಕ್ಕಳು ನೀಲಿ ದಾರದಿಂದ ದೊಡ್ಡ ದೊಡ್ಡ ಹೊಲಿಗೆ ಹಾಕಿದ್ದರು. ನಮ್ಮ ಹೊಲಿಗೆಯ ಉಪಾಧ್ಯಾಯಿನಿ ಅದನ್ನು ಬಿಚ್ಚಿ ಬೂದು ದಾರದಲ್ಲಿ ಸರಿಪಡಿಸಲು ಕತ್ತರಿಯನ್ನೆತ್ತಿದಾಗ, ಹೂವಿನವರ ಹುಡುಗಿ ಆನೆಯನ್ನು ಎದೆಗವಚಿಕೊಂಡು ಕೊಡಲೇ ಇಲ್ಲ. ಅದು ಈಗ ನಮ್ಮ ಕೋಣೆಯ ಗಾಜಿನ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕದಲ್ಲಿ, ನೀಲಿ ಹೊಲಿಗೆಯೊಡನೆಯೇ ಕುಳಿತಿದೆ.