ಎತ್ತಿಕೊಳ್ಳುವ ಮುನ್ನ

ಮನೆಯಲ್ಲಿರುವವನಿಗೆ ಶ್ರಾವಕವ್ರತಗಳು ಭಾರವೆನಿಸುವುದಿಲ್ಲ. ಅವುಗಳ ಅರ್ಧ ಭಾರವನ್ನು ಅಡಿಗೆಮನೆಯೇ ಹೊರುತ್ತದೆ. ಬಸದಿಯ ಗಂಟೆ, ಹಿರಿಯರ ಕಣ್ಣು, ಪರ್ವದ ದಿನಗಳು ಉಳಿದರ್ಧವನ್ನು ಹೊರುತ್ತವೆ. ಊರು ಬಿಟ್ಟವನಿಗೆ ಮಾತ್ರ ತಾನು ಕೈಗೊಂಡ ನಿಯಮದ ನಿಜವಾದ ತೂಕ ತಿಳಿಯುತ್ತದೆ. ಕಾರ್ಕಳ ತಾಲೂಕಿನ ಜೈನ ಮನೆತನವೊಂದರ ತರುಣನಿಗೆ ಅದು ತಿಳಿದದ್ದು ಈಜಿಪ್ಟ್ ದೇಶದ ಕಡಲ ತಡಿಯಲ್ಲಿ.

ಕೈರೋ ನಗರದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿರುವ ಈತನು ಹೊರಡುವ ಮುನ್ನ ಬಸದಿಯಲ್ಲಿ ಮದ್ಯ ಮಾಂಸ ಮಧುಗಳನ್ನೂ ಕಂದಮೂಲಗಳನ್ನೂ ರಾತ್ರಿಭೋಜನವನ್ನೂ ತ್ಯಜಿಸುವ ನಿಯಮವನ್ನು ಸ್ವೀಕರಿಸಿದ್ದನು. 2025ರ ಏಪ್ರಿಲ್ ತಿಂಗಳಲ್ಲಿ ನಾಲ್ಕು ದಿನಗಳ ಬಿಡುವು ದೊರೆಯಿತು. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. 21ನೆಯ ತಾರೀಕು ಸೋಮವಾರ ‘ಶಮ್ ಅಲ್ ನಸೀಮ್’ ಎಂಬ ವಸಂತದ ಹಬ್ಬ. ನಡುವಿನ ಭಾನುವಾರದ ಪಾಠವೊಂದನ್ನು ಬಿಟ್ಟುಕೊಟ್ಟು, ಇಬ್ಬರು ಈಜಿಪ್ಟಿನ ಗೆಳೆಯರು ಹಾಗೂ ಒಬ್ಬ ಮಲೆಯಾಳಿ ಸಹಪಾಠಿಯೊಡನೆ ಆತನು ಗುರುವಾರ ರಾತ್ರಿಯ ಬಸ್ಸಿನಲ್ಲಿ ದಹಬ್ ಎಂಬ ಊರಿಗೆ ಹೊರಟನು.

ದಹಬ್ ಎಂದರೆ ಅರಬ್ಬೀ ಭಾಷೆಯಲ್ಲಿ ಬಂಗಾರ. ದಕ್ಷಿಣ ಸಿನಾಯ್ ಪ್ರಾಂತದಲ್ಲಿ, ಅಕಾಬಾ ಕೊಲ್ಲಿಯ ಅಂಚಿನಲ್ಲಿರುವ ಊರದು. ಹಿಂದೆ ಹುಲ್ಲುಕಡ್ಡಿಯೂ ಕಾಣದ ಕೆಂಗಂದು ಬೆಟ್ಟಗಳು. ಮುಂದೆ ನೀಲಿ ಕಡಲು. ಎರಡರ ನಡುವೆ ಮರಳಿನ ಪಟ್ಟಿ. ಮಳೆಯ ನಾಡಿನಲ್ಲಿ ಬೆಳೆದ ಹುಡುಗನಿಗೆ ಅದು ಬೇರೊಂದು ಲೋಕವೇ ಆಗಿತ್ತು.

ಆಹಾರದ ಪರೀಕ್ಷೆಯಲ್ಲಿ ಆತನು ಗೆದ್ದನು. ಅದು ಈಸ್ಟರಿಗೆ ಮುಂಚಿನ ಕಾಲ. ಅಲ್ಲಿಯ ಕಾಪ್ಟಿಕ್ ಕ್ರೈಸ್ತರು 55 ದಿನಗಳ ಮಹಾ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆಗಳನ್ನು ಮುಟ್ಟುವುದಿಲ್ಲ. ಅವರಿಗಾಗಿ ‘ಸಿಯಾಮಿ’ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವ ತಿನಿಸುಗಳನ್ನು ಆತನು ಕೈರೋವಿನಿಂದಲೇ ಕಟ್ಟಿಕೊಂಡಿದ್ದನು. ಉಳಿದಂತೆ ಬೇಯಿಸಿದ ಕಾಳು, ರೊಟ್ಟಿ, ಖರ್ಜೂರ ಸಾಕಾದುವು. ಹಬ್ಬದ ದಿನ ಅಲ್ಲಿಯವರು ತಿನ್ನುವ ಉಪ್ಪುಮೀನು ಮತ್ತು ಹಸಿ ಈರುಳ್ಳಿ ಎದುರಿಗೆ ಬಂದಾಗಲೂ ಮನಸ್ಸು ಅಲುಗಲಿಲ್ಲ. ಗೆಳೆಯರು ಹಾಸ್ಯಮಾಡದೆ ಗೌರವಿಸಿದರು. ಆ ಗೌರವದಿಂದ ತನ್ನೊಳಗೆ ಸಣ್ಣದೊಂದು ಅಭಿಮಾನ ಮೊಳೆತದ್ದನ್ನು ಆತನು ಆಗ ಗಮನಿಸಲಿಲ್ಲ.

ಆತನಿಗೆ ತೊಡಕಾದದ್ದು ಹೊತ್ತು. ಅಲ್ಲಿ ಕಡಲು ಪೂರ್ವಕ್ಕಿದೆ, ಬೆಟ್ಟ ಪಶ್ಚಿಮಕ್ಕಿದೆ. ಸೂರ್ಯನು ಅಸ್ತಮಿಸುವುದಕ್ಕೆ ಬಹಳ ಮೊದಲೇ ಬೆಟ್ಟದ ಮರೆಗೆ ಸರಿಯುತ್ತಾನೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ ಇರುವಾಗಲೇ ಊಟ ಮುಗಿಸುವ ಪದ್ಧತಿಯನ್ನು ಪಾಲಿಸುವವನಿಗೆ ಆ ನೆರಳು ಗೊಂದಲ ಹುಟ್ಟಿಸುತ್ತದೆ. ಆತನು ಗಡಿಯಾರ ನೋಡಿ ಉಣ್ಣತೊಡಗಿದನು.

ಭಾನುವಾರ ಅವರು ಊರಿನ ಉತ್ತರಕ್ಕಿರುವ ರಾಸ್ ಅಬು ಗಲೂಮ್ ಎಂಬ ಸಂರಕ್ಷಿತ ತೀರಕ್ಕೆ ಹೋದರು. ದಡದಿಂದ ಕೆಲವೇ ಹೆಜ್ಜೆಗಳಾಚೆ ಹವಳದ ದಿಬ್ಬಗಳು. ಮೂಲಾಚಾರವು ಪೃಥ್ವೀಕಾಯದ 36 ಭೇದಗಳನ್ನು ಎಣಿಸುವಾಗ ಮರಳನ್ನೂ ಹವಳವನ್ನೂ ಸೇರಿಸಿದೆ. ಇಂದಿನ ವಿಜ್ಞಾನವು ಹವಳವನ್ನು ಪ್ರಾಣಿಯೆಂದೇ ಹೇಳುತ್ತದೆ. ವಿಂಗಡಣೆ ಬೇರೆಯಾದರೂ ಅದು ಬರಿಯ ಕಲ್ಲಲ್ಲವೆಂಬುದರಲ್ಲಿ ಎರಡಕ್ಕೂ ಭೇದವಿಲ್ಲ. ಪಾಠಶಾಲೆಯಲ್ಲಿ ಕಲಿತದ್ದನ್ನು ನೆನೆದು ಆತನು ಹವಳಕ್ಕೆ ಕಾಲು ಸೋಕದಂತೆ ಈಜಿದನು.

ಬೆಟ್ಟದ ನೆರಳು ದಡಕ್ಕೆ ಬಂದಿತು. ಊಟದ ಹೊತ್ತು ಮೀರೀತೆಂದು ಆತನು ಅವಸರಪಟ್ಟನು. ಹೊರಡುವ ಗಡಿಬಿಡಿಯಲ್ಲಿ ಮರಳಿನ ಮೇಲೆ ಸುಂದರವಾದ ಸುರುಳಿ ಚಿಪ್ಪೊಂದು ಕಂಡಿತು. ತಂಗಿಗೆ ಕೊಡಬಹುದೆಂದು ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದನು. ಹೊತ್ತಿಗೆ ಸರಿಯಾಗಿ ಊಟವಾಯಿತು. ನಿಯಮ ಉಳಿಯಿತೆಂಬ ತೃಪ್ತಿಯಿಂದ ಮಲಗಿದನು.

ಮಂಗಳವಾರ ಕೈರೋವಿನ ಕೋಣೆಯಲ್ಲಿ ಚೀಲ ಬಿಚ್ಚಿದಾಗ ದುರ್ವಾಸನೆ ಬಂದಿತು. ಚಿಪ್ಪಿನೊಳಗೆ ಏಡಿಯೊಂದು ಸತ್ತಿತ್ತು. ಬರಿದಾದ ಚಿಪ್ಪುಗಳನ್ನೇ ಮನೆ ಮಾಡಿಕೊಂಡು, ಮೈ ಬೆಳೆದಂತೆ ಇನ್ನೊಂದು ದೊಡ್ಡ ಚಿಪ್ಪಿಗೆ ಸೇರುವ ಏಡಿಯ ಜಾತಿ ಅದು. ಅಪಾಯ ಕಂಡರೆ ಒಳಕ್ಕೆ ಸರಿದು ಸುಮ್ಮನಿರುತ್ತದೆ. ಎತ್ತಿಕೊಳ್ಳುವಾಗ ಒಮ್ಮೆ ಒಳಗೆ ನೋಡಿದ್ದರೆ ಕಾಣುತ್ತಿತ್ತು. ಆತನು ನೋಡಿರಲಿಲ್ಲ.

ಅಂದು ಆತನು ಊಟಮಾಡಲಿಲ್ಲ. ಮನೆಗೆ ಫೋನು ಮಾಡಿ ಅಜ್ಜಿಗೆ ನಡೆದದ್ದನ್ನು ತಿಳಿಸಿದನು. ಆಕೆ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಊಟದ ಹೊತ್ತು ನೋಡಿದೆ ಮಗಾ, ಕೈಯಲ್ಲಿ ಹಿಡಿದದ್ದನ್ನು ನೋಡಲಿಲ್ಲ” ಎಂದಷ್ಟೇ ನುಡಿದರು.

ಶಾಸ್ತ್ರವನ್ನು ಓದದ ಆ ಹಿರಿಯರ ಮಾತು ಶಾಸ್ತ್ರಕ್ಕೆ ಸಮ್ಮತವಾದುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾವ್ರತವನ್ನು ದೃಢಗೊಳಿಸುವ ಐದು ಭಾವನೆಗಳನ್ನು ಹೇಳುವಾಗ, ವಸ್ತುವನ್ನು ನೋಡಿ ಎತ್ತಿ ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯನ್ನೂ, ಬೆಳಕಿನಲ್ಲಿ ನೋಡಿ ಉಣ್ಣುವ ಆಲೋಕಿತಪಾನಭೋಜನವನ್ನೂ ಒಂದರ ಪಕ್ಕದಲ್ಲೊಂದು ಇರಿಸಿದೆ. ಎರಡರ ಮೂಲವೂ ನೋಡುವಿಕೆಯೇ. ರಾತ್ರಿ ಉಣ್ಣಬಾರದೆಂಬುದು ಕಣ್ಣಿಗೆ ಕಾಣದ ಜೀವಕ್ಕೆ ಹಾನಿಯಾಗದಿರಲೆಂದು. ಒಂದನ್ನು ಪಾಲಿಸುವ ಅವಸರದಲ್ಲಿ ಇನ್ನೊಂದನ್ನು ಮರೆತರೆ ವ್ರತದ ಲೆಕ್ಕ ಕೂಡುವುದಿಲ್ಲ. ಖಾತೆಯ ಒಂದು ಪುಟ ಸರಿಯಿದ್ದ ಮಾತ್ರಕ್ಕೆ ವರ್ಷದ ಜಮಾಖರ್ಚು ಸರಿಹೋದಂತಾಗುವುದಿಲ್ಲ.

ಏಡಿ ಇರದಿದ್ದರೂ ಆ ಚಿಪ್ಪು ಆತನದಾಗುತ್ತಿರಲಿಲ್ಲ. ಈಜಿಪ್ಟಿನ 1983ರ 102ನೆಯ ಕಾನೂನು ಸಂರಕ್ಷಿತ ಪ್ರದೇಶಗಳಿಂದ ಹವಳ, ಚಿಪ್ಪುಗಳನ್ನು ಎತ್ತುವುದನ್ನು ನಿಷೇಧಿಸಿದೆ. ರಾಜ್ಯದ ನಿಯಮವನ್ನು ಮೀರುವುದು ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದು. ಅದಕ್ಕಿಂತಲೂ ಮಿಗಿಲಾಗಿ, ನಮಗೆ ಬರಿದೆಂದು ತೋರಿದ ಚಿಪ್ಪು ಮತ್ತೊಂದು ಜೀವಿಗೆ ನಾಳೆಯ ಮನೆ. ಒಡೆಯನು ಕಾಣಿಸುತ್ತಿಲ್ಲವೆಂಬ ಕಾರಣಕ್ಕೆ ವಸ್ತುವು ನಮ್ಮದಾಗುವುದಿಲ್ಲ.

ಆತನು ಪ್ರತಿಕ್ರಮಣ ಮಾಡಿ, ಚಿಪ್ಪನ್ನು ತೊಳೆದು ಇರಿಸಿಕೊಂಡನು. ಮುಂದಿನ ತಿಂಗಳು ದಹಬಿಗೆ ಹೊರಟ ಈಜಿಪ್ಟಿನ ಗೆಳೆಯನ ಕೈಯಲ್ಲಿ ಅದನ್ನು ಕೊಟ್ಟು, ಅದೇ ದಡದ ಮರಳಿನ ಮೇಲೆ ಇರಿಸುವಂತೆ ಬೇಡಿಕೊಂಡನು. ಆ ಗೆಳೆಯನು ಏಕೆಂದು ಕೇಳದೆ ಹಾಗೆಯೇ ಮಾಡಿದನು. ಹೋದ ಜೀವವು ಇದರಿಂದ ಮರಳಲಿಲ್ಲ. ಆತನಿಗೂ ಅದು ತಿಳಿದಿತ್ತು. ತಂಗಿಗೆ ಉಡುಗೊರೆಯಾಗಿ ಏನನ್ನೂ ಕಳುಹಿಸದೆ, ನಡೆದ ಸಂಗತಿಯನ್ನೇ ಪತ್ರದಲ್ಲಿ ಬರೆದು ಕಳುಹಿಸಿದನು. ಆ ಪತ್ರವನ್ನು ಅಜ್ಜಿಯು ಮನೆಯ ಮಕ್ಕಳಿಗೆಲ್ಲ ಓದಿಸುತ್ತಿದ್ದಾರೆ.