ನಾಲ್ಕೂವರೆ ಅಡಿಯ ಕ್ಯಾಬಿನ್ ಎಲ್ಲಿ ಹೋಯ್ತು?

ಸೈಬರ್ ಕೆಫೆ ಅಂದಕೂಡಲೇ ನಿಮಗೇನು ನೆನಪಾಗುತ್ತೆ, ಹೇಳಿ ನೋಡೋಣ! ನನಗೆ ನೆನಪಾಗೋದು ಅರಸೀಕೆರೆ ಬಸ್‌ಸ್ಟ್ಯಾಂಡ್ ಹಿಂದಿನ ಇಕ್ಕಟ್ಟು ಮೆಟ್ಟಿಲು, ಗಂಟೆಗೆ ಇಪ್ಪತ್ತು ರೂಪಾಯಿ, 'ಇನ್ನೈದು ನಿಮಿಷ ಅಣ್ಣಾ' ಎಂಬ ಗೋಗರೆತ. 2013ರಲ್ಲಿ 'ಲೂಸಿಯಾ' ಹಾಡುಗಳನ್ನು ನಾವು ಮೂವರು ಒಂದೇ ಕುರ್ಚಿಗೆ ಮುತ್ತಿಕೊಂಡು ನೋಡಿದ್ದು ಅಲ್ಲೇ. ನಿರ್ದೇಶಕ ಪವನ್ ಕುಮಾರ್ ಆ ಚಿತ್ರಕ್ಕೆ ಬಂಡವಾಳ ಎತ್ತಿದ್ದೂ ಇಂಟರ್‌ನೆಟ್ಟಿನಲ್ಲೇ, ಪ್ರೇಕ್ಷಕರ ಜೇಬಿನಿಂದ!

ಪಿಯುಸಿಗೆ ಕೈಮುಗಿದು ಹೊರಬಂದ ಮೇಲೆ ನನ್ನ ಮೊದಲ ಲೇಖನವನ್ನು 'ನುಡಿ'ಯಲ್ಲಿ ಕುಟ್ಟಿದ್ದೂ ಅದೇ ಕ್ಯಾಬಿನ್ನಿನಲ್ಲಿ. ಅಪ್ಪನ ಎದುರು ಕೂತು ಉಣ್ಣಲಾಗದ ದಿನಗಳವು. 'ಮುಂದೇನಪ್ಪ?' ಅಂತ ಒಂದು ಗಂಟೆ ಯಾರೂ ಕೇಳದ ಜಾಗ ಊರಲ್ಲಿ ಬೇರೊಂದಿರಲಿಲ್ಲ.

ಮೊನ್ನೆ ಅದನ್ನು ಹುಡುಕಿಕೊಂಡು ಮೂರೂರು ಸುತ್ತಿದೆ.

ಅರಸೀಕೆರೆಯಲ್ಲಿ ಮೆಟ್ಟಿಲಿದೆ, ಬೋರ್ಡಿನಲ್ಲಿ 'ಸೈಬರ್' ಇದೆ. ಒಳಗೆ ಜೆರಾಕ್ಸು, ಲ್ಯಾಮಿನೇಷನ್ನು, ರೈಲು ಟಿಕೆಟ್ಟು, ಪಹಣಿ! ಕಂಪ್ಯೂಟರ್ ಮುಂದೆ ಅಂಗಡಿಯವನು, ಕೌಂಟರಿನ ಈಚೆ ನಾವು.

"ಒಂದು ಗಂಟೆ ಸಿಸ್ಟಂ ಕೊಡ್ತೀರಾ ಅಣ್ಣ?"

"ನಿನ್ ಹತ್ರ ಮೊಬೈಲ್ ಇಲ್ವೇನಪ್ಪ?"

2016ರ ಸೆಪ್ಟೆಂಬರಿನಲ್ಲಿ ಜಿಯೋ ಪುಕ್ಕಟೆ ಡೇಟಾ ಸುರಿದಾಗಲೇ ಕ್ಯಾಬಿನ್ ಕಥೆಗೆ 'ಶುಭಂ' ಬಿದ್ದಿತ್ತು. ಅದಕ್ಕೂ ಮುಂಚೆ 2011ರಲ್ಲಿ ಕೇಂದ್ರ ಸರ್ಕಾರದ ನಿಯಮ ಬಂತು. ಗುರುತಿನ ಚೀಟಿ ತೋರಿಸಬೇಕು, ದಾಖಲೆ ಒಂದು ವರ್ಷ ಇಡಬೇಕು, ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು! ಪ್ರೇಮಿಗಳ ಪಾಲಿಗೆ ಆ ಅಳತೆಪಟ್ಟಿಯೇ ವಿಲನ್.

ಬೇಲೂರು ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ'ಯ (1964) ನಾಯಕ ಶಿಲ್ಪ ಕೆತ್ತಿದ ಊರು. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಗುಡಿಯ ಮುಂದೆ ಜನಜಾತ್ರೆ. ಸೈಬರ್ ಎಲ್ಲಿ ಅಂದರೆ, "ಅದಾ? ಈಗ ಮೊಬೈಲ್ ಕವರ್ ಮಾರ್ತಾರೆ" ಅಂದರು.

ಹಳೇಬೀಡಿನ ಬಸ್ಸಿನಲ್ಲಿ ಟೋಕಿಯೋ ನೆನಪಾಯಿತು. ನಾನೇನೂ ಹೋಗಿಲ್ಲ ಸ್ವಾಮಿ, ಓದಿ ತಿಳಿದದ್ದು! ಅಲ್ಲಿ ನೆಟ್ ಕೆಫೆಗಳು ರಾತ್ರಿಯಿಡೀ ತೆರೆದಿರುತ್ತವೆ. ಕ್ಯಾಬಿನ್, ಕಾಮಿಕ್ಸ್, ಸ್ನಾನದ ವ್ಯವಸ್ಥೆ. ಮನೆಯಿಲ್ಲದೆ ಅಂಥಲ್ಲಿ ಮಲಗುವವರು ಆ ಮಹಾನಗರದಲ್ಲಿ ರಾತ್ರಿಗೆ ಸುಮಾರು 4,000 ಮಂದಿ ಎಂದು ಅಲ್ಲಿನ ಆಡಳಿತವೇ 2018ರಲ್ಲಿ ಅಂದಾಜು ಹೇಳಿತು. ಅವರನ್ನೂ ಯಾರೂ 'ಮುಂದೇನು' ಅಂತ ಕೇಳೋದಿಲ್ಲವೇನೋ. ಆದರೆ ನನಗೆ ವಾಪಸ್ ಹೋಗಲು ಮನೆಯಿತ್ತು.

ಹಳೇಬೀಡಿನಲ್ಲಿ ಒಂದೇ ಕಂಪ್ಯೂಟರು, ಎಂಟು ಜನರ ಸಾಲು. ಪಿಂಚಣಿ ಹಣ ಬಿಡಿಸಲು ಬಂದ ಅಜ್ಜಿಯ ಹೆಬ್ಬೆಟ್ಟು ಯಂತ್ರಕ್ಕೆ ಸಿಗಲೊಲ್ಲದು. ಕಳೆ ಕಿತ್ತು ಕಿತ್ತು ಸವೆದ ಬೆರಳು! ಹುಡುಗ ಒರೆಸಿದ, ಒತ್ತಿದ, ಮತ್ತೆ ಒರೆಸಿದ. ಅಜ್ಜಿ, "ನಾನು ನಾನೇ ಕಣಪ್ಪಾ" ಅಂದರು. ಯಾರೂ ನಗಲಿಲ್ಲ. ಐದನೇ ಸಲ ಹಸಿರು ದೀಪ ಹತ್ತಿತು.

ನನ್ನ ಸರದಿ. ಏನು ಕೇಳಲಿ? ಬಾಯಿಗೆ ಬಂದದ್ದು ಯುವನಿಧಿ.

"ಡಿಗ್ರಿನಾ, ಡಿಪ್ಲೊಮಾನಾ ಸಾರ್?"

"ಪಿಯುಸಿ ಬಿಟ್ಟವನು."

"ಹಂಗಾದ್ರೆ ಬರಲ್ಲ ಸಾರ್. ನೆಕ್ಸ್ಟ್!"