ಪಿಯಾನೋ ವಾದಕ ಮೆಟ್ನರ್

ಐರೋಪ್ಯ ಸಂಗೀತದಲ್ಲಿ ಕೃತಿಕಾರನು ಸ್ವರಗಳನ್ನು ಕಾಗದದ ಮೇಲೆ ಬರೆದಿಡುತ್ತಾನೆ. ವಾದಕನು ಅದನ್ನು ಓದಿ ನುಡಿಸುತ್ತಾನೆ. ಕಾಲಕ್ರಮದಲ್ಲಿ ಇವೆರಡೂ ಬೇರೆ ಬೇರೆ ವೃತ್ತಿಗಳಾಗಿ ನಿಂತುವು. ಎರಡರಲ್ಲಿಯೂ ಸಮರ್ಥನಾದವನಿಗೆ ಇದರಿಂದೊದಗುವ ಇಕ್ಕಟ್ಟು ಎಂತಹುದೆಂಬುದು ರಷ್ಯದ ನಿಕೊಲಾಯ್ ಮೆಟ್ನರನ ಬಾಳಿನಲ್ಲಿ ಕಾಣುತ್ತದೆ.

೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದ ಮೆಟ್ನರನು ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಸಫೋನೋವನ ಶಿಷ್ಯನಾಗಿದ್ದು, ೧೯೦೦ರಲ್ಲಿ ಚಿನ್ನದ ಪದಕದೊಡನೆ ಹೊರಬಂದನು. ವಾದಕನಾಗಿ ದೇಶದೇಶಗಳಲ್ಲಿ ಕಛೇರಿ ನಡೆಸುವ ಹಾದಿ ತೆರೆದೇ ಇದ್ದಿತು. ಆತನು ಅದನ್ನೊಲ್ಲದೆ ಕೃತಿರಚನೆಗೆ ಕುಳಿತನು. ಆದರೆ ವಾದಕವೃತ್ತಿಯನ್ನು ಬಿಟ್ಟವನಿಗೆ ಪಿಯಾನೋವನ್ನು ಬಿಡುವುದಾಗಲಿಲ್ಲ. ಹದಿನಾಲ್ಕು ಸೊನಾಟಗಳು, 'ಕಥೆ'ಗಳೆಂದು ತಾನೇ ಹೆಸರಿಟ್ಟ ಮೂವತ್ತಕ್ಕೂ ಹೆಚ್ಚು ಕಿರುರಚನೆಗಳು, ವಾದ್ಯವೃಂದದೊಡನೆ ನುಡಿಸುವ ಮೂರು ಕನ್ಸರ್ಟೊಗಳು, ನೂರಕ್ಕೆ ಮೇಲ್ಪಟ್ಟ ಗೀತೆಗಳು: ಪಿಯಾನೋ ಇಲ್ಲದ ಕೃತಿ ಆತನಲ್ಲಿ ಒಂದೂ ಇಲ್ಲ.

೧೯೨೧ರಲ್ಲಿ ರಷ್ಯವನ್ನು ಬಿಟ್ಟು ಜರ್ಮನಿ, ಫ್ರಾನ್ಸ್‌ಗಳಲ್ಲಿದ್ದು, ೧೯೩೫ರ ಸುಮಾರಿಗೆ ಲಂಡನ್ನಿಗೆ ಬಂದನು. ಆಗ ಸಂಗೀತದ ರುಚಿ ಬೇರೆಡೆಗೆ ತಿರುಗಿದ್ದಿತು. ಹೊಸ ರೀತಿಗೆ ಆತನು ತಲೆಬಾಗಲಿಲ್ಲ. ಅದನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದನು. ಪ್ರಾಣಸ್ನೇಹಿತನಾದ ರಖ್ಮಾನಿನೋವನ ನೆರವಿನಿಂದ ಅದು ಅಚ್ಚಾಯಿತು. ಇದನ್ನು ಹಠವೆನ್ನುವವರು ಅನ್ನಬಹುದು. ಆ ಹಠದ ಬೆಲೆಯನ್ನು ತೆತ್ತವನಂತೂ ಆತನೇ. ಯುದ್ಧವಾರಂಭವಾಗಲು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ೧೯೪೨ರಲ್ಲಿ ಹೃದಯವ್ಯಾಧಿ ತಟ್ಟಿತು. ವಾದಕಿ ಎಡ್ನಾ ಐಲ್ಸಳ ಆಶ್ರಯದಲ್ಲಿ, ವಾರ್ವಿಕ್‌ಷೈರಿನಲ್ಲಿ, ಮೂರನೆಯ ಕನ್ಸರ್ಟೊವನ್ನು ಪೂರೈಸಿ, ೧೯೪೪ರಲ್ಲಿ ಲಂಡನ್ನಿನಲ್ಲಿ ತಾನೇ ನುಡಿಸಿದನು.

ಇಷ್ಟಾದರೂ ಆ ಕೃತಿಗಳು ಕೃತಿಕಾರನ ಕೈಯಲ್ಲಿ ಹೇಗೆ ನುಡಿಯುತ್ತಿದ್ದುವೆಂಬುದು ಆತನೊಂದಿಗೇ ಮುಗಿದುಹೋಗುವುದರಲ್ಲಿದ್ದಿತು. ಬರೆದ ಸ್ವರವು ಉಳಿಯುತ್ತದೆ. ಬೆರಳಿನ ತೂಕ ಉಳಿಯುವುದಿಲ್ಲ. ಆಗ ನೆರವು ಬಂದುದು ಮೈಸೂರಿನಿಂದ. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಸ್ವತಃ ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವರು. ೧೯೪೦ರಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿಯೇ ರಾಜ್ಯಭಾರ ಬಂದೊದಗಲು, ಅವರಿಗೆ ವಾದಕರಾಗುವ ಹಾದಿ ಮುಚ್ಚಿತು. ('ಶ್ರೀವಿದ್ಯಾ' ಅಂಕಿತದಿಂದ ಅವರು ಸಂಸ್ಕೃತದಲ್ಲಿ ತೊಂಬತ್ತಕ್ಕೂ ಮಿಗಿಲಾದ ಕೀರ್ತನೆಗಳನ್ನು ರಚಿಸಿದುದನ್ನು ಕನ್ನಡಿಗರು ಬಲ್ಲರು.) ಅವರ ಧನಸಹಾಯದಿಂದ ಲಂಡನ್ನಿನಲ್ಲಿ ಮೆಟ್ನರನ ಹೆಸರಿನ ಸಂಘವೊಂದು ಏರ್ಪಟ್ಟು, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯವರು ಆತನ ವಾದನವನ್ನು ಮುದ್ರಿಸತೊಡಗಿದರು.

೧೯೪೭ರಲ್ಲಿ ಮೂರು ಕನ್ಸರ್ಟೊಗಳೂ ಮುದ್ರಿತವಾದುವು. ಆಗ ಆತನಿಗೆ ಅರವತ್ತೇಳು ವರ್ಷ. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಪಕ್ಕದಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷಗಳ ಸಂಗೀತ. ಮೂರನೆಯ ಕನ್ಸರ್ಟೊ ಭಾಗಗಳ ನಡುವೆ ನಿಲುಗಡೆಯಿಲ್ಲದೆ ಅರ್ಧ ಗಂಟೆಗೂ ಮೀರಿ ಹರಿಯುವ ಕೃತಿ. ಅದನ್ನು ತುಂಡುತುಂಡಾಗಿ ನಿಲ್ಲಿಸಿ, ಪ್ರತಿಸಲವೂ ಬಿಟ್ಟ ಭಾವವನ್ನೇ ಮತ್ತೆ ಹಿಡಿದು ನುಡಿಸಬೇಕಾಗಿದ್ದಿತು. ರೋಗದಿಂದ ಬಳಲಿದ ವೃದ್ಧನಿಗೆ ಇದು ಸಾಮಾನ್ಯವಾದ ಶ್ರಮವಲ್ಲ. ಆ ಕೃತಿಯನ್ನೇ ಆತನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು.

೧೯೫೦ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಆತನ ಗೀತೆಗಳನ್ನು ಹಾಡಿ ಮುದ್ರಿಸಿದಾಗ ಪಿಯಾನೋದ ಮುಂದೆ ಕುಳಿತವನೂ ಆತನೇ. ಮರುವರ್ಷ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.